ಬಾಡಿಗೆ ಗಂಟಲು

ನಮ್ಮ ಕೊರಟಗೆರೆ ಸೀಮೆಯಲ್ಲಿ ಹೊಸಬರು ಕಣ್ಣಿಗೆ ಬಿದ್ದರೆ ಮೂರು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಯಾವೂರು, ಯಾರ ಪೈಕಿ, ಯಾವ ಪಾರ್ಟಿ. ಮೊದಲನೆಯದಕ್ಕೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ಬಸ್ಸಿನ ಕಂಡಕ್ಟರನಿಗೇ ಗೊತ್ತಿರುತ್ತದೆ. ಎರಡನೆಯದನ್ನು ಸುತ್ತಿ ಬಳಸಿ ಕೇಳುತ್ತಾರೆ. ಮೂರನೆಯದನ್ನು ಮಾತ್ರ ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ಆ ಮೂರನೆಯ ಪ್ರಶ್ನೆಗೆ ಉತ್ತರವೇ ಇಲ್ಲದ ಮನುಷ್ಯನೆಂದು ನಾನು ಕಂಡದ್ದು ಸಣ್ಣರಂಗಯ್ಯ ಒಬ್ಬನನ್ನೇ. ಉತ್ತರ ಇಲ್ಲದ್ದರಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು.

ನಾನು ಬೋರಯ್ಯ. ಬಸ್ ಸ್ಟ್ಯಾಂಡಿನ ಹಿಂದೆ ಶಾಮಿಯಾನದ ಅಂಗಡಿ ಇಟ್ಟುಕೊಂಡಿದ್ದೇನೆ. ಕುರ್ಚಿ, ಪಾತ್ರೆ, ಸೀರಿಯಲ್ ಸೆಟ್ಟು, ಮೈಕು ಬಾಡಿಗೆಗೆ ಕೊಡುತ್ತೇನೆ. ಮದುವೆ, ತಿಥಿ, ಎಲೆಕ್ಷನ್ನು ಯಾವುದಾದರೂ ನನಗೆ ಒಂದೇ. ನಮ್ಮದು ಒಕ್ಕಲುತನದ ಮನೆ, ಆದರೆ ಹೊಲಕ್ಕಿಂತ ಹೆಚ್ಚು ಅನ್ನ ಹಾಕಿದ್ದು ಈ ಶಾಮಿಯಾನದ ಬಟ್ಟೆ, ಬಿದಿರು ಗಳ. ಸಣ್ಣರಂಗಯ್ಯ ನನ್ನ ಅಂಗಡಿಯ ಮೈಕಿನಲ್ಲಿ ಕೂಗುತ್ತಿದ್ದ. ಸೀಮೆಯವರ ಬಾಯಲ್ಲಿ ಅವನು ಮೈಕ್ ರಂಗಯ್ಯ.

ಅವನು ಕೊಳಾಲ ಹೋಬಳಿಯ ಒಂದು ಕೇರಿಯವನು. ಅವನಪ್ಪ ಊರಿನ ತೋಟಿ. ಕಂದಾಯದ ದಿನ, ಕೆರೆ ತೂಬು ಎತ್ತುವ ದಿನ ತಮಟೆ ಬಡಿದು ಸಾರುವುದು ಆ ಮುದುಕನ ಕೆಲಸ. ಬೀದಿಯ ತಿರುವಿನಲ್ಲಿ ನಿಂತು ಸಾರಬೇಕು, ಜಗಲಿಯ ಹತ್ತಿರ ಹೋಗುವಂತಿಲ್ಲ. ಗಂಟಲು ಎಷ್ಟು ದೊಡ್ಡದಾದರೂ ಕಾಲು ಮಾತ್ರ ತಿರುವಿನಲ್ಲೇ. ಅಪ್ಪ ಸತ್ತ ಮೇಲೆ ರಂಗಯ್ಯ ತಮಟೆಯನ್ನು ಅಟ್ಟಕ್ಕೆ ಹಾಕಿ ನನ್ನ ಅಂಗಡಿಗೆ ವೈರು ಎಳೆಯಲು ಬಂದ. ಒಂದು ಎಲೆಕ್ಷನ್ನಿನಲ್ಲಿ ಕೂಗುವವನ ಗಂಟಲು ಕಟ್ಟಿ ಹೋಯಿತು. ರಂಗಯ್ಯ ಮೈಕು ಕೈಗೆತ್ತಿಕೊಂಡು "ಮತದಾರ ಬಂಧುಗಳೇ" ಅಂದ. ಅಂದಿದ್ದೇ ತಡ, ಹೋಟೆಲಿನಲ್ಲಿದ್ದವರೆಲ್ಲ ಇಡ್ಲಿ ಬಿಟ್ಟು ಬಾಗಿಲಿಗೆ ಬಂದರು. ಅಂಥ ಗಂಟಲು.

ಆಮೇಲೆ ಅವನ ಕಾಲೂ ಎಲ್ಲಾ ಬೀದಿಗೆ ಹೋಯಿತು. ಆಟೋ ಓಡಿಸುವವನು ಅದೇ ಕೇರಿಯ ಚಿಕ್ಕನರಸಯ್ಯ, ಪಕ್ಕದಲ್ಲಿ ಕೂತು ಕೂಗುವವನು ಇವನು. ಗೌಡಗೆರೆ, ಬುಕ್ಕಾಪಟ್ಟಣ, ಮಧುಗಿರಿ ಎಲ್ಲಾ ಸುತ್ತಿದರು. ಪಾವಗಡ ದಾಟಿದರೆ ರಂಗಯ್ಯನ ಬಾಯಲ್ಲಿ "ಅನ್ನಲಾರಾ, ಅಕ್ಕಲಾರಾ" ಅಂತ ತೆಲುಗೇ ಹೊರಡುತ್ತಿತ್ತು. ಬೆಳಿಗ್ಗೆ ಕೇಸರಿ ಶಾಲಿನವರ ಆಟೋ, ಮಧ್ಯಾಹ್ನ ಹಸಿರು ಶಾಲಿನವರದ್ದು, ಸಂಜೆ ಮೂರು ಬಣ್ಣದವರದ್ದು. ಹೆಸರು, ಗುರುತು ಎರಡು ಬಿಟ್ಟರೆ ಉಳಿದ ಮಾತೆಲ್ಲ ಅದೇ. ನಿಮ್ಮ ಮನೆ ಮಗ, ಬಡವರ ಬಂಧು, ಸರಳ ಸಜ್ಜನ. ಒಂದು ಸಲ ಗೌಡಗೆರೆಯಲ್ಲಿ ಒಬ್ಬಳು ಹೆಂಗಸು ಆಟೋ ತಡೆದು ಕೇಳಿದಳಂತೆ, "ಬೆಳಗ್ಗೆ ಇನ್ಯಾರ್ನೋ ಮನೆ ಮಗ ಅಂದ್ಯಲ್ಲಪ್ಪ?"

"ಮನೆಗೊಬ್ನೇ ಮಗ ಇರ್ಬೇಕು ಅಂತ ಎಲ್ಲೈತಮ್ಮ?" ಅಂದನಂತೆ ಇವನು.

ಯಾವ ಪಾರ್ಟಿ ಅಂತ ಕೇಳಿದರೆ "ನಂದು ಬಾಡಿಗೆ ಗಂಟ್ಲು ಕಣಣ್ಣ" ಅನ್ನುತ್ತಿದ್ದ. ಓಟು ಯಾರಿಗೆ ಹಾಕಿದನೆಂದು ಹೆಂಡತಿ ದಾಸಮ್ಮನಿಗೂ ಹೇಳಿದವನಲ್ಲ. ಒಂದು ದಿನ ಅಂಗಡಿಯಲ್ಲಿ ವೈರು ಸುತ್ತುತ್ತಾ ನನಗೆ ಹೇಳಿದ: "ಈ ಗಂಟ್ಲಿಗೆ ಒಂದ್ಸಲ ಬಣ್ಣ ಅಂಟ್ಕಂತು ಅಂದ್ರೆ ಆಮೇಲೆ ಯಾರ್ ಮನೆ ಬಾಗ್ಲಿಗೂ ಹೋಗಂಗಿಲ್ಲಣ್ಣ. ನಮ್ಮಪ್ಪ ನಿಂತಿದ್ದ ತಿರುವಿಗೇ ವಾಪಸ್ಸು."

ಎಲೆಕ್ಷನ್ನು ಅವನ ಕಸುಬು. ಅವನ ಮರ್ಯಾದೆ ಇದ್ದದ್ದು ಸಾವಿನಲ್ಲಿ. ಯಾರಾದರೂ ಸತ್ತರೆ ಸುತ್ತಲ ಊರಿಗೆಲ್ಲ ಕೂಗಿ ಬರಬೇಕಲ್ಲ, ಅದಕ್ಕೆ ರಂಗಯ್ಯ ಕೂಲಿ ಮುಟ್ಟುತ್ತಿರಲಿಲ್ಲ. ನಾನೂ ಮೈಕಿಗೆ ಬಾಡಿಗೆ ಹಾಕುತ್ತಿರಲಿಲ್ಲ. ಯಾರಿಗೆ ಯಾವ ಪದ ಸಲ್ಲಬೇಕೆಂಬ ವಿಷಯದಲ್ಲಿ ಅವನು ಮಹಾ ಕಟ್ಟುನಿಟ್ಟು. ಲಿಂಗ ಕಟ್ಟಿದವರಾದರೆ ಲಿಂಗೈಕ್ಯ. ನಾಮದ ಒಕ್ಕಲಾದರೆ ವೈಕುಂಠ ಸೇರಿದರು. ಶಿವನ ಒಕ್ಕಲಾದರೆ ಶಿವಾಧೀನ. ಶಿರಾದ ಮೊಹಲ್ಲಾದಲ್ಲಿ ಇಂತಕಾಲ್. ತಪ್ಪು ಪದ ಹಾಕಿದರೆ ಸತ್ತವರು ತಪ್ಪು ಬಸ್ಸು ಹತ್ತಿದಂತಾಗುತ್ತದೆ ಅನ್ನುತ್ತಿದ್ದ. ಜನ ಅವನ ಬಾಯಿಂದ ಕೇಳಿದ ಮೇಲೆಯೇ ಸಾವನ್ನು ನಂಬುತ್ತಿದ್ದರು.

ಚಿಕ್ಕನರಸಯ್ಯ ಮಾತು ಕಡಿಮೆಯ ಮನುಷ್ಯ. ಅವನು ಒಮ್ಮೆ ನನ್ನ ಅಂಗಡಿ ಮುಂದೆ ಟೀ ಕುಡಿಯುತ್ತಾ ಕೇಳಿದ, "ಲೇ ರಂಗ, ನಾನ್ ಸತ್ರೆ ಏನಂತ ಕೂಗ್ತೀಯ್ಲಾ?"

"ನಿಂಗ್ಯಾವ ಪದ ಬೇಕು ಹೇಳು."

ಚಿಕ್ಕನರಸಯ್ಯ ಆಟೋ ಕಡೆ ನೋಡಿ ಯೋಚಿಸಿದ. "ಹೊಂಟ್ರು ಅನ್ನು ಸಾಕು. ಗಾಡಿ ಓಡ್ಸೋನ್ಗೆ ಅದೇ ಸರಿ."

"ಆಯ್ತು ಕಣ್ಲಾ, ನಾನೇ ಕೂಗ್ತೀನಿ. ನಾನ್ ಮೊದ್ಲೋದ್ರೆ ಏನ್ಮಾಡ್ತೀಯ?"

"ಹಾರನ್ ಹೊಡ್ಕಂಡ್ ಹೋಯ್ತೀನಿ."

ಮೂವರೂ ನಕ್ಕೆವು. ಆ ಮಾತು ಇಬ್ಬರ ನಡುವೆ ಭಾಷೆಯ ಹಾಗೆ ಉಳಿಯಿತು. ಆಟೋ ಹತ್ತುವಾಗೆಲ್ಲ ರಂಗಯ್ಯ "ಹೊಂಟ್ರು" ಅಂತ ಛೇಡಿಸುತ್ತಿದ್ದ.

ಇಲ್ಲೊಂದು ವಿಷಯ ಹೇಳಬೇಕು. ಇಬ್ಬರೂ ಒಂದೇ ಕೇರಿಯವರು, ಆದರೆ ಒಂದೇ ಜಾತಿಯಲ್ಲ. ನಮ್ಮ ಕಡೆಯ ದಲಿತ ಕೇರಿಗಳಲ್ಲಿ ಹಿಂದಿನಿಂದ ಎಡಗೈಯವರು, ಬಲಗೈಯವರು ಅಂತ ಎರಡು ಪಂಗಡ. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಹಾಗೆ ವಿಂಗಡಿಸಿದನೋ ಗೊತ್ತಿಲ್ಲ. ರಂಗಯ್ಯ ಎಡ, ಚಿಕ್ಕನರಸಯ್ಯ ಬಲ. ನಮ್ಮಂಥ ಮೇಲಿನ ಬೀದಿಯವರಿಗೆ ಆ ವ್ಯತ್ಯಾಸ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವರಿಬ್ಬರೂ ಅದನ್ನು ಮಾತಿಗೆ ತರುತ್ತಿರಲಿಲ್ಲ.

ಆಮೇಲೆ ಒಳಮೀಸಲಾತಿಯ ಸಮೀಕ್ಷೆ ಬಂತು. ಮನೆ ಮನೆಗೆ ಮೇಷ್ಟ್ರುಗಳು ಬಂದು ಯಾವ ಜಾತಿ, ಅದರಲ್ಲಿ ಯಾವ ಒಳಜಾತಿ ಅಂತ ಕೇಳಿ ಮೊಬೈಲಿನಲ್ಲಿ ಒತ್ತಿಕೊಂಡು ಹೋಗುತ್ತಿದ್ದರು. ಸುಮ್ಮನೆ ಆದಿ ಕರ್ನಾಟಕ ಅಂದರೆ ಎಡವೋ ಬಲವೋ ತಿಳಿಯುವುದಿಲ್ಲ, ನಾಚಿಕೆ ಬಿಟ್ಟು ಬಾಯಿ ಬಿಟ್ಟು ಹೇಳಿ ಅಂತ ಕೇರಿಯ ಸಂಘದವರು ರಂಗಯ್ಯನ ಕೈಲಿ ಕೂಗಿಸಿದರು. ಇವನೂ ಹುರುಪಿನಿಂದ ಕೂಗಿದ. ಮಗ ಅಂಜನ್ ಕುಮಾರ್ ಮಧುಗಿರಿ ಕಡೆ ಶಾಲೆಯ ಮೇಷ್ಟ್ರು, ಬೌದ್ಧ ದೀಕ್ಷೆ ತಗೊಂಡವನು. "ಅಪ್ಪ, ನಾವು ಎಡಾನೂ ಅಲ್ಲ ಬಲಾನೂ ಅಲ್ಲ, ಬೌದ್ಧರು" ಅಂದ. "ಅದೂ ಒಂದು ಸೇರ್ಲಿ ಬುಡು" ಅಂದ ಇವನು. ಒಟ್ಟಿನಲ್ಲಿ ಆ ದಿನಗಳಲ್ಲಿ ಕೇರಿಯಲ್ಲಿ ಕೂತರೂ ಎಡ, ನಿಂತರೂ ಎಡ.

ಅದೇ ಹೊತ್ತಿಗೆ ಪಂಚಾಯ್ತಿ ಎಲೆಕ್ಷನ್ನು ಇವತ್ತು ನಾಳೆ ಅನ್ನುತ್ತಿದ್ದರು. ನಮ್ಮೂರಲ್ಲಿ ರೇವಂತ ಅಂತ ಒಬ್ಬ ಹುಡುಗ, ಓದಿದ್ದು ಅರ್ಧ, ಮಾತು ಒಂದೂವರೆ. ಮೊಬೈಲಿಗೆ ಕೋಲು ಸಿಕ್ಕಿಸಿಕೊಂಡು ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ನನ್ನ ಅಂಗಡಿ ಪಕ್ಕದ ಟೀ ಅಂಗಡಿಯಲ್ಲಿ ನಿಂತು ಬಂದವರಿಗೆಲ್ಲ ಎಲೆಕ್ಷನ್ನಿನ ಪ್ರಶ್ನೆ ಕೇಳುತ್ತಿದ್ದ. ರಂಗಯ್ಯ ಬೀಡಿ ಹಚ್ಚಿಕೊಂಡು ನಿಂತಿದ್ದ. ರೇವಂತ ಕೋಲು ಅವನ ಕಡೆ ತಿರುಗಿಸಿದ.

"ಯಜಮಾನ್ರೆ, ನೀವು ಎಡಾನಾ ಬಲಾನಾ?"

ಇದೇ ಪ್ರಶ್ನೆಯನ್ನು ಹಿಂದಿನ ದಿನ ಸಮೀಕ್ಷೆಯ ಮೇಷ್ಟ್ರು ಇವನ ಮನೆ ಜಗಲಿಯ ಮೇಲೆ ಕೂತು ಕೇಳಿದ್ದರು. ರೇವಂತ ಕೇಳಿದ್ದು ಎಡಪಂಥ ಬಲಪಂಥ ಅಂತಾರಲ್ಲ, ಆ ಪಾರ್ಟಿಯ ಎಡ. ಇವನು ಯಾವ ಎಡವೆಂದು ಯೋಚಿಸಲು ಹೋಗಲಿಲ್ಲ.

"ಎಡ ಕಣಪ್ಪ. ನಮ್ಮಪ್ಪ ಎಡ, ನಮ್ ತಾತ ಎಡ. ಇಷ್ಟ್ ದಿನ ನಾಚ್ಕಂಡು ಬಾಯ್ ಮುಚ್ಕಂಡಿದ್ವಿ. ಇನ್ಮೇಲೆ ಗಟ್ಟಿಯಾಗೇ ಹೇಳೋದು."

ರೇವಂತನಿಗೆ ಹಬ್ಬ. "ಬಲದೋರ ಬಗ್ಗೆ ಏನಂತೀರ?"

"ಏನನ್ನೋದು, ಇಷ್ಟ್ ವರ್ಷ ಬಲದೋರೇ ಎಲ್ಲಾ ಬಾಚ್ಕಂಡು ತಿಂದ್ರು. ಇನ್ ನಮ್ ಪಾಲು ನಮಗೆ ಬರ್ಲಿ."

ನಾನು ಒಳಗೆ ಕುರ್ಚಿ ಎಣಿಸುತ್ತಿದ್ದೆ. ಕೇಳಿಸಿತು, ನನಗೂ ಏನೂ ಅನ್ನಿಸಲಿಲ್ಲ. ಸಂಜೆಯೊಳಗೆ ಆ ವಿಡಿಯೋ "ಮೈಕ್ ರಂಗಯ್ಯನ ಅಸಲಿ ಬಣ್ಣ ಬಯಲು" ಎಂಬ ತಲೆಬರಹದಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಹಿಂದೆ ಢಂ ಢಂ ಅಂತ ಒಂದು ಮ್ಯೂಸಿಕ್ ಬೇರೆ.

ಒಬ್ಬೊಬ್ಬರೇ ಫೋನ್ ಮಾಡಿದರು. ಕೇಸರಿ ಶಾಲಿನವರು, "ಬೋರಣ್ಣ, ಮೈಕ್ ಇರ್ಲಿ, ಆ ಎಡಚ ಬ್ಯಾಡ" ಅಂದರು. ಉಳಿದವರು ಅದನ್ನೇ ಮೆತ್ತಗೆ ಅಂದರು. ಕೆಂಪು ಬಾವುಟದವರು ತುಮಕೂರಿಂದ ಬಂದು ಹೆಗಲಿಗೆ ಕೆಂಪು ಟವೆಲ್ ಹಾಕಿ, ಕಾಮ್ರೇಡ್ ಕಾಮ್ರೇಡ್ ಅಂತ ಕೈ ಕುಲುಕಿ ಫೋಟೋ ತೆಗೆಸಿಕೊಂಡು ಹೋದರು. ಅವರು ಹೋದ ಮೇಲೆ ರಂಗಯ್ಯ, "ಯಾರಣ್ಣ ಅವ್ರು, ನನ್ನ ಹೆಸ್ರು ತಪ್ಪು ಹೇಳ್ತಿದ್ರು" ಅಂದ. ಆ ಫೋಟೋ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಪಾವಗಡದ ಕಡೆಯವರಂತೂ ಕಾಡಿನ ಕಡೆಯ ಮನುಷ್ಯ, ನಕ್ಸಲ ಅನ್ನುವಷ್ಟು ದೂರ ಹೋದರು. ಜೀವಮಾನವೆಲ್ಲ ಮನೆಗೊಬ್ಬ ಮಗನನ್ನು ಹಂಚಿದವನು, ಒಂದೇ ವಾರದಲ್ಲಿ ಎಡಬಿಡಂಗಿ.

ನನಗೆ ರೇವಂತನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕರೆದು ಉಗಿದೆ. ಅವನು ತಣ್ಣಗೆ, "ಅವ್ರೇ ತಾನೇ ಎಡ ಅಂದಿದ್ದು? ನಾನೇನ್ ಬಾಯಿಗಿಟ್ನಾ?" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾಗಿ ಇನ್ನೂ ಉರಿಯಿತು.

ಸರಿ, ಹೋಗಿ ತಿಳಿಸಿ ಹೇಳೋಣ ಅಂದೆ. ಇದು ಪಾರ್ಟಿ ಎಡವಲ್ಲ, ಜಾತಿ ಎಡ ಅಂದರೆ ಮುಗಿಯಿತಲ್ಲ. ರಂಗಯ್ಯ ನನ್ನ ಮುಖ ನೋಡಿದ. ಅವನು ಯಾಕೆ ಹಾಗೆ ನೋಡಿದನೆಂದು ಆಗ ನನಗೆ ತಿಳಿಯಲಿಲ್ಲ. ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಗೌಡಗೆರೆ ಕಡೆ ಹೊರಟೆ.

ಅಲ್ಲಿ ಕೊಲ್ಲಾಪುರಮ್ಮ ಅಂತ ಒಬ್ಬರು ಯಜಮಾನಿ. ಅವರ ಗಂಡ ತೀರಿಕೊಂಡಾಗ ರಂಗಯ್ಯ ಹನ್ನೆರಡು ಹಳ್ಳಿ ಸುತ್ತಿ ವೈಕುಂಠ ಸೇರಿದರು ಅಂತ ಕೂಗಿದ್ದ. ಅವತ್ತಿಂದ ಅವನು ಆ ಬೀದಿಗೆ ಹೋದರೆ ಆಟೋ ನಿಲ್ಲಿಸಿ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟೇ ಕಳಿಸುವುದು. ಅವರ ಮಗ ಈಗ ಶಾಲು ಹಾಕಿಕೊಂಡು ಓಡಾಡುವ ಲೀಡರ್. ಅವನು ಒಪ್ಪಿದರೆ ಉಳಿದವರು ಒಪ್ಪಿದಂತೆ. ಜಗಲಿಯ ಮೇಲೆ ಕೂರಿಸಿದರು. ನಾನು ವಿಷಯ ಎತ್ತಿದೆ. ರಂಗಯ್ಯ ತಲೆ ತಗ್ಗಿಸಿಕೊಂಡು, "ಪಾರ್ಟಿ ಅಲ್ಲ ಬುದ್ಧಿ. ನಮ್ ಜಾತೀದು. ಎಡಗೈಯೋರು ಅಂತಾರಲ್ಲ, ಅದು" ಅಂದ.

ಮಗ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ, ಆ ಎಡಾನಾ? ಮೊದ್ಲೇ ಹೇಳ್ಬಾರ್ದಾ ಮಾರಾಯ. ನಾವು ಬೇರೆ ಎಡ ಅನ್ಕಂಡು ತಲೆ ಕೆಡ್ಸ್ಕಂಡಿದ್ವಿ. ಅಂಗಾದ್ರೆ ಏನೂ ತೊಂದ್ರೆ ಇಲ್ಲ ಬುಡು."

ನನಗೆ ಹಗುರಾಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಲ್ಲಾಪುರಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಜ್ಜಿಗೆ ಬಂತು. ನನ್ನ ಕೈಗೆ ಸ್ಟೀಲ್ ಲೋಟ, ರಂಗಯ್ಯನ ಕೈಗೆ ಪ್ಲಾಸ್ಟಿಕ್ ಕಪ್ಪು. ಕೊಡುವಾಗ ಆಯಮ್ಮ ಕಪ್ಪನ್ನು ಜಗಲಿಯ ಮೇಲಿಟ್ಟು ಬೆರಳಲ್ಲಿ ಮುಂದೆ ತಳ್ಳಿದರು. ರಂಗಯ್ಯ ಕುಡಿದು, ಕಪ್ಪನ್ನು ಮಡಚಿ ಜೇಬಿಗೆ ಹಾಕಿಕೊಂಡ. ನಾನು ನನ್ನ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದೆ.

ವಾಪಸ್ಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿದೆ. ಅವನು ಕಪ್ಪನ್ನು ತೆಗೆದು ಬೇಲಿಗೆ ಎಸೆದು ಹೇಳಿದ, "ಪಾರ್ಟಿ ಎಡ ಅನ್ಕಂಡಿದ್ರೆ ಬೈತಿದ್ರು ಅಷ್ಟೇಯ. ಬೈಯ್ಯೋರು ಲೋಟ ಬದಲಾಯ್ಸಲ್ಲ ಕಣಣ್ಣ. ಸಾಕು, ಇನ್ಯಾರ್ ಮನೆಗೂ ಬ್ಯಾಡ."

ದೂರದ ಹಳ್ಳಿಗಳಲ್ಲಿ ಅವನು ಯಾರ ಪೈಕಿ ಎಂದು ಯಾರೂ ಕೇಳಿರಲಿಲ್ಲ. ಮೈಕ್ ರಂಗಯ್ಯ ಅಂದರೆ ಸಾಕಿತ್ತು. ಆ ಒಂದು ಹೆಸರನ್ನು ಹೊದ್ದುಕೊಂಡು ಅವನು ಅವರಪ್ಪನ ತಿರುವು ದಾಟಿ ಅಷ್ಟು ಜಗಲಿ ಹತ್ತಿದ್ದ. ಪಾರ್ಟಿಯ ಕಳಂಕ ತೊಳೆಯಲು ಹೋಗಿ ಅದನ್ನೂ ಕಳೆದುಕೊಂಡ. ಕರೆದುಕೊಂಡು ಹೋದವನು ನಾನೇ.

ಇದಕ್ಕಿಂತ ದೊಡ್ಡ ಪೆಟ್ಟು ಮನೆ ಹತ್ತಿರವೇ ಕಾದಿತ್ತು. ಊರೆಲ್ಲ ಆ ಮಾತನ್ನು ತಪ್ಪಾಗಿ ತಿಳಿದಿತ್ತು. ಸರಿಯಾಗಿ ತಿಳಿದವನು ಚಿಕ್ಕನರಸಯ್ಯ ಒಬ್ಬನೇ. ಬಲದೋರು ಬಾಚಿಕೊಂಡು ತಿಂದರು ಅಂದರೆ ಯಾರು ಅಂತ ಅವನಿಗೆ ವಿವರಿಸಬೇಕಾಗಿರಲಿಲ್ಲ. ಅವನ ಮಗ ಆ ವಿಡಿಯೋ ಮನೆಯಲ್ಲಿ ಎಲ್ಲರಿಗೂ ಹಾಕಿ ತೋರಿಸಿದ್ದ. ಒಂದು ಬೆಳಿಗ್ಗೆ ಆಟೋದಿಂದ ನನ್ನ ಮೈಕಿನ ಹಾರನ್ನು, ಬ್ಯಾಟರಿ ಬಿಚ್ಚಿ ತಂದು ಅಂಗಡಿಯಲ್ಲಿಟ್ಟ. ರಂಗಯ್ಯ ಅಲ್ಲೇ ಇದ್ದ.

"ರಂಗ, ಇಷ್ಟ್ ವರ್ಷ ನಿನ್ ಪಕ್ಕ ಕೂತು ಗಾಡಿ ಓಡ್ಸಿದ್ನಲ್ಲ, ನಾನೇನ್ ಬಾಚ್ಕಂಡೆ ಹೇಳು" ಅಂದ. ಧ್ವನಿ ಏರಿಸಲಿಲ್ಲ.

"ನಿನಗಲ್ಲ ಕಣ್ಲಾ ನಾನಂದಿದ್ದು."

"ಮತ್ಯಾರ್ಗೆ? ಬಲದೋರು ಅಂದ್ರೆ ನಾನಲ್ವಾ?"

ನಮಗೂ ಪಾಲು ಬೇಕು ಅಂದದ್ದು ಸುಳ್ಳಲ್ಲ, ಅದು ರಂಗಯ್ಯನಿಗೂ ಗೊತ್ತು, ಚಿಕ್ಕನರಸಯ್ಯನಿಗೂ ಗೊತ್ತು. ಆದರೆ ಚಿಕ್ಕನರಸಯ್ಯನ ಮನೆಯ ಸೋರುವ ಶೀಟೂ ರಂಗಯ್ಯನಿಗೆ ಗೊತ್ತು. ಎರಡನ್ನೂ ಸೇರಿಸಿ ಹೇಳುವ ಮಾತು ಅವನ ಹತ್ತಿರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಚಿಕ್ಕನರಸಯ್ಯ ಆಟೋ ತಿರುಗಿಸಿಕೊಂಡು ಹೋದ. ಆಮೇಲೆ ಅವರಿಬ್ಬರು ಕೇರಿಯಲ್ಲಿ ಎದುರು ಬದುರಾದರೂ ನೆಲ ನೋಡಿಕೊಂಡು ಹೋಗುತ್ತಿದ್ದರಂತೆ. ದಾಸಮ್ಮ ಒಂದು ದಿನ ಅಂಗಡಿಗೆ ಬಂದು, "ಮನೇಲಿ ಉಪ್ಪು ಕೊಡು ಅನ್ನೋಕೂ ಕೈ ಸನ್ನೆ ಮಾಡ್ತಾರೆ ಕಣಣ್ಣ" ಅಂತ ಅತ್ತಳು.

ಇದಾಗಿ ಆರು ತಿಂಗಳು ಕಳೆದಿರಬಹುದು. ಸಂಕ್ರಾಂತಿ ಆಗಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ರಂಗಯ್ಯ ಮೆಟ್ಟಿಲ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ಚಿಕ್ಕನರಸ ಹೋಗ್ಬುಟ್ಟ ಕಣಣ್ಣ. ಬೆಳಗಿನ ಜಾವ. ಎದೆ ಹಿಡ್ಕಂತಂತೆ. ಮೈಕ್ ಕೊಡು."

ಎಷ್ಟೋ ತಿಂಗಳ ಮೇಲೆ ಅವನ ಪೂರಾ ಧ್ವನಿ ಕೇಳಿದೆ. ನಾನು ಹಾರನ್ನಿನ ಧೂಳು ಒರೆಸಿ, ಬ್ಯಾಟರಿ ನೋಡಿ, ಮೈಕು ಅವನ ಕೈಗೆ ಕೊಟ್ಟೆ. ಅವನು ಊದಿ ನೋಡಿದ. ಬೇರೆ ಆಟೋ ಕರೆಯಲು ಫೋನ್ ತೆಗೆದೆ. ಅಷ್ಟರಲ್ಲಿ ಚಿಕ್ಕನರಸಯ್ಯನ ಮಗನೇ ಫೋನ್ ಮಾಡಿದ. ಶಾಮಿಯಾನ, ಇಪ್ಪತ್ತು ಕುರ್ಚಿ ಬೇಕು ಅಂದ. ಕಳಿಸುತ್ತೇನೆ, ಕೂಗಲು ರಂಗಯ್ಯ ಬರುತ್ತಿದ್ದಾನೆ ಅಂದೆ.

"ಬ್ಯಾಡ ಬೋರಣ್ಣ" ಅಂದ. "ಎಡದೋರು ನಮ್ಮಪ್ಪನ ಹೆಸ್ರು ಕೂಗೋದು ಬ್ಯಾಡ. ನಾನು ಮೊಬೈಲಲ್ಲಿ ಮಾಡ್ಸ್ಕಂಡಿದೀನಿ, ಆಟೋಲಿ ಅದನ್ನೇ ಹಾಕ್ತೀವಿ."

ಫೋನಿನ ಧ್ವನಿ ಜೋರಾಗಿತ್ತು. ನಾನು ಹೇಳಬೇಕಾಗಿಯೇ ಬರಲಿಲ್ಲ. ರಂಗಯ್ಯ ಮೈಕಿನ ವೈರನ್ನು ಮೊಳಕೈಗೆ ಸುತ್ತಿ, ಗಂಟು ಹಾಕಿ, ಮೇಜಿನ ಮೇಲೆ ಇಟ್ಟ. ಎದ್ದು ಹೋಗಲೂ ಇಲ್ಲ, ಅಲ್ಲೇ ಕುರ್ಚಿಯಲ್ಲಿ ಕೂತ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನಾನು ಬಟ್ಟೆ, ಗಳ ಎಣಿಸುವ ನೆಪ ಮಾಡಿಕೊಂಡು ಒಳಗೆ ಹೋದೆ.

ಒಂಬತ್ತರ ಹೊತ್ತಿಗೆ ಆ ಆಟೋ ಬಸ್ ಸ್ಟ್ಯಾಂಡಿಗೆ ಬಂತು. ಚಿಕ್ಕನರಸಯ್ಯನದೇ ಆಟೋ. ಮೊಬೈಲಿನ ಯಾವುದೋ ಹೆಂಗಸಿನ ಮೆಷಿನ್ ಧ್ವನಿ, ಚಿಕ್ಕ ಒಂದು ಕಡೆ, ನರಸಯ್ಯ ಒಂದು ಕಡೆ ಒಡೆದು ಹೇಳುತ್ತಿತ್ತು. "ಶ್ರೀ ಚಿಕ್ಕ. ನರಸಯ್ಯ ರವರು ನಿಧನ ಹೊಂದಿರುತ್ತಾರೆ ಎಂದು ತಿಳಿಸಲು ವಿಷಾದಿಸುತ್ತೇವೆ." ಟೀ ಅಂಗಡಿಯಲ್ಲಿ ಯಾರೂ ಲೋಟ ಕೆಳಗಿಡಲಿಲ್ಲ. ಯಾವ ನರಸಯ್ಯ ಅಂತ ಒಬ್ಬ ಕೇಳಿದ. ಯಾರೋ ಗೊತ್ತಿಲ್ಲ ಅಂದ ಇನ್ನೊಬ್ಬ.

ರಂಗಯ್ಯ ಬಾಗಿಲಿಗೆ ಬಂದು ನಿಂತಿದ್ದ. ಆಟೋ ತಿರುಗುವಾಗ ಅವನ ತುಟಿ ಅಲುಗಿತು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಬಂಧುಗಳೇ, ನಮ್ ಚಿಕ್ಕನರಸಯ್ಯ ಹೊಂಟ್ರು" ಅಂದ. ಆಮೇಲೆ ಅಳು ಬಂದುಬಿಟ್ಟಿತು. ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ನನಗೂ ತಡೆಯಲಾಗಲಿಲ್ಲ.

ಮಣ್ಣಿಗೆ ಅವನು ಹೋಗಲಿಲ್ಲ. ಹೋಗಿದ್ದರೆ ಯಾರೂ ತಳ್ಳುತ್ತಿರಲಿಲ್ಲವೇನೋ, ಆದರೆ ಯಾರಾದರೂ ಒಂದು ಮಾತು ಅಂದುಬಿಟ್ಟರೆ ಅಂತ ಹೆದರಿದ. ಸಂಜೆಯವರೆಗೂ ನನ್ನ ಅಂಗಡಿಯಲ್ಲೇ ಕೂತಿದ್ದ. ಕೆಲಸದವರು ಶಾಮಿಯಾನ ಬಿಚ್ಚಿಕೊಂಡು ಬಂದು, ಎಲ್ಲಾ ಮುಗೀತು ಅಂದ ಮೇಲೆ ಎದ್ದ. ಮೆಟ್ಟಿಲಿಳಿದವನು ತಿರುಗಿ ನಿಂತ.

"ಬೋರಣ್ಣ, ನಾನ್ ಸತ್ತಾಗ ಕೂಗಿಸ್ಬ್ಯಾಡ."

"ಯಾಕಪ್ಪ ಅಂಗಂತೀಯ."

"ಯಾವ್ ಪದ ಹಾಕಿಸ್ತೀಯ ಹೇಳು. ಮಗ ಒಂದು ಅಂತಾನೆ, ಸಂಘದೋರು ಒಂದು ಅಂತಾರೆ, ಆ ಕೆಂಪು ಟವೆಲ್ನೋರು ಇನ್ನೊಂದು ಅಂತಾರೆ. ಯಾವ್ದು ಹಾಕಿದ್ರೂ ಯಾರ್ಗೋ ಒಬ್ರಿಗೆ ಸಿಟ್ಟು ಬತ್ತದೆ. ಹಾರನ್ ಹೊಡ್ಕಂಡ್ ಹೋಯ್ತೀನಿ ಅಂದಿದ್ದೋನೂ ಹೋದ. ಸುಮ್ನೆ ಒಯ್ದು ಮಣ್ಮಾಡ್ಬುಡಿ."

ಅವನಿಗೆ ಸಲ್ಲುವ ಒಂದು ಪದಕ್ಕಾಗಿ ನಾನು ತಡಕಾಡಿದೆ. ಅಷ್ಟು ವರ್ಷ ಪಕ್ಕದಲ್ಲಿದ್ದು ಎಷ್ಟೊಂದು ಪದ ಕೇಳಿದ್ದೆ. ಒಂದೂ ಅವನದಾಗಿರಲಿಲ್ಲ.

"ಆಯ್ತು" ಅಂದೆ.